ಮಬ್ಬಾದ ಹೆಡ್‌ಲೈಟಿಗೆ ಯಾವ ದಾರಿ: ಪೇಸ್ಟು, ಪಾಲಿಶು, ಕ್ಲಿಯರ್ ಕೋಟು, ಇಲ್ಲಾ ಹೊಸದೇ?

ಕಾರಿನ ಹೆಡ್‌ಲೈಟ್ ಮಬ್ಬಾಗಿದೆ, ಹಳದಿ ತಿರುಗಿದೆ ಅಂತ ಯಾರ ಹತ್ರಾನಾದ್ರೂ ಹೇಳಿ ನೋಡಿ. ಒಬ್ರು ಟೂತ್‌ಪೇಸ್ಟ್ ಹಚ್ಚಿ ಉಜ್ಜಿ ಸಾಕು ಅಂತಾರೆ, ಇನ್ನೊಬ್ರು ಬಫಿಂಗ್ ಮಾಡಿಸ್ಬಿಡಿ ಅರ್ಧ ಗಂಟೆ ಕೆಲಸ ಅಂತಾರೆ, ಮೆಕ್ಯಾನಿಕ್ ಹತ್ರ ಹೋದ್ರೆ ಹೊಸದು ಹಾಕ್ಸಿ ಸಾರ್ ಅಂತಾನೆ. ಎಲ್ಲರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ, ಆದ್ರೆ ಯಾರ ಕಾರಿಗೆ ಯಾವುದು ಸರಿ ಅಂತ ಬಿಡಿಸಿ ಹೇಳೋರು ಕಮ್ಮಿ. ಹೊಳಪು ಬರಿಸೋದು ಕಷ್ಟ ಏನಲ್ಲ, ಇಲ್ಲಿರೋ ಎಲ್ಲಾ ದಾರೀಲೂ ಒಂದಿನದ ಮಟ್ಟಿಗಾದ್ರೂ ಹೊಳಪು ಬರತ್ತೆ. ಉಜ್ಜಿ ಮುಗಿದ ಮೇಲೆ ಅದರ ಮೇಲೆ ಏನು ಹಾಕ್ತೀರಾ ಅನ್ನೋದ್ರಲ್ಲೇ ಆ ಹೊಳಪು ಎರಡು ತಿಂಗಳೋ ಎರಡು ವರ್ಷವೋ ಅನ್ನೋದು ನಿರ್ಧಾರ ಆಗ್ಬಿಡತ್ತೆ, ಅದಕ್ಕೇ ಕೆಳಗಿನ ಹೋಲಿಕೆಯನ್ನೆಲ್ಲ ನಾನು ಆ ಲೆಕ್ಕದಲ್ಲೇ ಮಾಡಿದೀನಿ.

ಮೊದಲು ಇದು ಯಾಕೆ ಮಬ್ಬಾಗತ್ತೆ ಅಂತ ಗೊತ್ತಿದ್ರೆ ಮುಂದಿನದು ತಾನಾಗೇ ಅರ್ಥ ಆಗತ್ತೆ. ಈಗಿನ ಹೆಡ್‌ಲೈಟ್ ಮುಂಭಾಗ ಗಾಜಲ್ಲ, ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್ಕು. 1953ರಲ್ಲಿ ಜರ್ಮನಿಯ ಬಾಯರ್ ಕಂಪನೀಲಿ ಹರ್ಮನ್ ಶ್ನೆಲ್, ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್, ಇಬ್ರೂ ಬೇರೆ ಬೇರೆಯಾಗಿ ಇದನ್ನ ಕಂಡುಹಿಡಿದ್ರು. ಕಲ್ಲು ಹೊಡೆದ್ರೂ ಗಾಜಿನ ತರ ಚೂರಾಗಲ್ಲ, ಹಗುರ, ಬಾನೆಟ್ಟಿನ ಆಕಾರಕ್ಕೆ ಹೇಗೆ ಬೇಕೋ ಹಾಗೆ ಅಚ್ಚು ಹಾಕ್ಬಹುದು. 1984ರ ಮಾಡೆಲ್ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 7 ಅನ್ನೋ ಅಮೆರಿಕನ್ ಕಾರಲ್ಲಿ ಬಂದ ಮೇಲೆ ಅಲ್ಲಿ ನಿಧಾನಕ್ಕೆ ಎಲ್ಲಾ ಕಂಪನಿಗಳೂ ಇದಕ್ಕೇ ಬಂದ್ವು, ನಮ್ಮಲ್ಲೂ ಅಂಬಾಸಿಡರ್, ಪದ್ಮಿನಿಗಳ ದುಂಡು ಗಾಜಿನ ಕಾಲ ಮುಗೀತಾ ಬಂದ ಹಾಗೆ ಪ್ಲಾಸ್ಟಿಕ್ಕೇ ಆಯ್ತು. ಆ ಗಾಜು ಒಡೀತಿತ್ತು, ಆದ್ರೆ ಹಳದಿ ಆಗ್ತಿರ್ಲಿಲ್ಲ.

ಪಾಲಿಕಾರ್ಬೊನೇಟಿಗೆ ಎರಡು ದೌರ್ಬಲ್ಯ. ಬೇಗ ಗೀರು ಬೀಳತ್ತೆ, ಮತ್ತೆ ಬಿಸಿಲಿನ ಯುವಿ, ಅಂದ್ರೆ ಅತಿನೇರಳೆ ಕಿರಣ ತಾಳ್ಕೊಳ್ಳಲ್ಲ. ಅದಕ್ಕೆ ಫ್ಯಾಕ್ಟರಿಯಲ್ಲೇ ಅದರ ಮೇಲೆ ಕೂದಲೆಳೆಗಿಂತ ತೆಳ್ಳಗೆ ಒಂದು ಗಟ್ಟಿ ಕೋಟಿಂಗ್ ಕೊಟ್ಟಿರ್ತಾರೆ, ಯುವಿ ಹೀರ್ಕೊಳ್ಳೋ ಪದಾರ್ಥ ಅದರೊಳಗೇ ಇರತ್ತೆ. ವರ್ಷಗಟ್ಟಲೆ ಬಿಸಿಲಿಗೆ ನಿಂತು ಆ ಪದಾರ್ಥ ಖಾಲಿ ಆಗ್ತಾ ಬರತ್ತೆ, ಕೋಟಿಂಗ್ ಸಣ್ಣಗೆ ಬಿರುಕು ಬಿಡತ್ತೆ, ಪದರ ಪದರ ಏಳತ್ತೆ, ಆಮೇಲೆ ಕೆಳಗಿನ ಪ್ಲಾಸ್ಟಿಕ್ಕೇ ಹಳದಿ ಆಗೋಕೆ ಶುರು. ಗಮನಿಸಿ ನೋಡಿ, ಬಹಳಷ್ಟು ಕಾರಲ್ಲಿ ಹೆಡ್‌ಲೈಟಿನ ಮೇಲ್ಭಾಗ, ಆಕಾಶಕ್ಕೆ ಮುಖ ಮಾಡಿರೋ ಕಡೆ ಮೊದಲು ಹಾಳಾಗಿರತ್ತೆ, ಕೆಳಗಡೆ ಇನ್ನೂ ಚೆನ್ನಾಗೇ ಇರತ್ತೆ. ರಾಯಚೂರು, ಕಲಬುರಗಿ ಬಿಸಿಲಲ್ಲಿ ದಿನಾ ಹೊರಗೆ ನಿಲ್ಲೋ ಕಾರಿಗೂ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಮಲಗೋ ಕಾರಿಗೂ ಇಷ್ಟೊಂದು ವ್ಯತ್ಯಾಸ ಇರೋದು ಇದೇ ಕಾರಣಕ್ಕೆ.

ಇದು ಬರೀ ಅಂದದ ವಿಷಯ ಅಂತ ಬಿಟ್ಬಿಡಬೇಡಿ. ಅಮೆರಿಕದ ಎಎಎ ಅನ್ನೋ ವಾಹನ ಮಾಲೀಕರ ಸಂಘ 2018ರಲ್ಲಿ ಹಳೇ ಕಾರುಗಳ ಹಳದಿಯಾದ ಹೆಡ್‌ಲೈಟುಗಳನ್ನ ಅಳೆದು ನೋಡ್ದಾಗ ಹೊಸದು ಕೊಡೋ ಬೆಳಕಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಸಿಕ್ಕಿತ್ತು. ಮಿಕ್ಕಿದ್ದು ಲೆನ್ಸಲ್ಲೇ ಚದುರಿ ಹೋಗತ್ತೆ, ಅದೂ ಸುಮ್ನೆ ಹೋಗಲ್ಲ, ಎದುರು ಬರೋರ ಕಣ್ಣಿಗೆ ಹೊಡೆಯತ್ತೆ. ಮಳೆಗಾಲದ ರಾತ್ರಿ ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇಳೀತಿರೋವಾಗ ರಸ್ತೆ ಅಂಚಿನ ಬಿಳಿ ಗೆರೆ ಕಾಣ್ಸೋದು, ಕಾಣ್ಸದೇ ಇರೋದು ಇದರ ಮೇಲೇ ನಿಂತಿರತ್ತೆ. ನಿಮಗೂ ಕಾಣಲ್ಲ, ಎದುರಿನವನಿಗೂ ಕಷ್ಟ.

ಸರಿ, ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದು ಪರೀಕ್ಷೆ ಮಾಡಿ, ಇದನ್ನ ಮಾಡದೇ ಯಾವ ಕಿಟ್ಟೂ ತಗೋಬೇಡಿ. ಹೆಡ್‌ಲೈಟ್ ಚೆನ್ನಾಗಿ ತೊಳೆದು, ಅದರ ಮೇಲೆ ನೀರು ಸುರೀತಾ ನೋಡಿ. ಒದ್ದೆ ಇರೋವಷ್ಟು ಹೊತ್ತು ತಿಳಿಯಾಗಿ ಕಂಡು ಒಣಗಿದ ಮೇಲೆ ಮತ್ತೆ ಮಬ್ಬಾದ್ರೆ ತೊಂದರೆ ಹೊರಗಿನ ಮೇಲ್ಮೈಯಲ್ಲಿದೆ, ಉಜ್ಜಿದ್ರೆ ಹೋಗತ್ತೆ. ನೀರು ಬಿದ್ರೂ ಏನೂ ಬದಲಾಗದಿದ್ರೆ ತೊಂದರೆ ಒಳಗಡೆ ಇರ್ಬಹುದು: ತೇವ ಕೂತಿರತ್ತೆ, ಒಳಗಿನ ಪ್ಲಾಸ್ಟಿಕ್ ಭಾಗಗಳಿಂದ ಎದ್ದ ಆವಿ ಲೆನ್ಸ್ ಒಳಮೈಗೆ ಅಂಟಿರತ್ತೆ, ಇಲ್ಲಾ ಬಲ್ಬಿನ ಹಿಂದಿರೋ ರಿಫ್ಲೆಕ್ಟರ್ ಬೆಳ್ಳಿ ಬಣ್ಣ ಕಳ್ಕೊಂಡು ಕಂದಿರತ್ತೆ. ಟಾರ್ಚ್ ಹಾಕಿ ರಿಫ್ಲೆಕ್ಟರ್ ನೋಡಿ, ಕನ್ನಡಿ ತರ ಇರ್ಬೇಕು. ಕಂಪನಿ ಕೊಟ್ಟ 60/55 ವ್ಯಾಟಿನ ಎಚ್4 ಬಲ್ಬ್ ತೆಗೆದು 100/90 ಹಾಕಿ ಓಡಿಸಿದ ಕಾರುಗಳಲ್ಲಿ ಬಿಸಿಗೆ ರಿಫ್ಲೆಕ್ಟರ್, ಹೋಲ್ಡರ್ ಎರಡೂ ಸುಟ್ಟಿರೋದು ಉಂಟು. ರಿಫ್ಲೆಕ್ಟರೇ ಹೋಗಿದ್ರೆ ಹೊರಗೆ ಎಷ್ಟು ಉಜ್ಜಿದ್ರೂ ರಸ್ತೆ ಮೇಲೆ ಬೆಳಕು ಬರಲ್ಲ, ಆ ದುಡ್ಡನ್ನ ನೇರ ಹೊಸ ಅಸೆಂಬ್ಲಿಗೆ, ಅಂದ್ರೆ ಇಡೀ ಹೊಸ ಹೆಡ್‌ಲೈಟಿಗೆ ಎತ್ತಿಡಿ. ತೇವ ಇದ್ರೆ ಹಿಂದಿನ ರಬ್ಬರ್ ಮುಚ್ಚಳ ಹರಿದಿದ್ಯಾ, ಗಾಳಿ ಆಡೋ ಸಣ್ಣ ತೂತು ಮಣ್ಣಲ್ಲಿ ಮುಚ್ಚಿದ್ಯಾ ನೋಡಿ, ಎಷ್ಟೋ ಸಲ ಅಷ್ಟು ಸರಿ ಮಾಡಿದ್ರೆ ಸಾಕು.

ಈಗ ದಾರಿಗಳಿಗೆ ಬರೋಣ.

ಅಡುಗೆಮನೆ, ಬಚ್ಚಲುಮನೆ ಮದ್ದುಗಳು. ಟೂತ್‌ಪೇಸ್ಟಲ್ಲಿ ಹಲ್ಲು ಉಜ್ಜೋಕೆ ಅಂತಾನೇ ಸಿಲಿಕಾ, ಕ್ಯಾಲ್ಸಿಯಂ ಕಾರ್ಬೊನೇಟ್ ತರದ ಸಣ್ಣ ಪುಡಿ ಇರತ್ತೆ, ಅದು ತೀರಾ ಮೃದುವಾದ ಪಾಲಿಶ್ ತರ ಕೆಲಸ ಮಾಡತ್ತೆ ಅನ್ನೋದು ನಿಜಾನೇ. ಮೇಲಿನ ತೆಳು ಮಬ್ಬು ಹೋಗತ್ತೆ, ಆಳದ ಹಳದಿಗೆ ಏನೂ ಆಗಲ್ಲ. ಅಡುಗೆ ಸೋಡಾ, ನಿಂಬೆಹಣ್ಣು, ವಿನೆಗರ್ ಇವೆಲ್ಲ ಕೊಳೆ ತೆಗೀತವೆ ಅಷ್ಟೇ. ಡಬ್ಲ್ಯುಡಿ-40 ಹೊಡೆದ್ರೆ ಥಳ ಥಳ ಅನ್ನತ್ತೆ, ಯಾಕಂದ್ರೆ ಎಣ್ಣೆ ಸಣ್ಣ ಗೀರುಗಳ ಒಳಗೆ ತುಂಬ್ಕೊಳತ್ತೆ, ಎರಡು ಸಲ ಕಾರು ತೊಳೆದ್ರೆ ಅದೂ ಹೋಯ್ತು. ಇವನ್ನ ಮಾಡಿದ್ರೆ ದೊಡ್ಡ ನಷ್ಟ ಏನಿಲ್ಲ, ನಾಳೆ ಬೆಳಗ್ಗೆ ದೂರ ಹೊರಡಬೇಕು ಇವತ್ತು ರಾತ್ರಿ ಏನೂ ಸಿಗಲ್ಲ ಅಂದ್ರೆ ಪೇಸ್ಟ್ ಹಚ್ಚಿ ಉಜ್ಜಿ, ಪರ್ವಾಗಿಲ್ಲ. ಆದ್ರೆ ಸೊಳ್ಳೆ ಓಡಿಸೋ ಸ್ಪ್ರೇ ಹೊಡೆದು ಒರೆಸೋ ವಿಡಿಯೋ ಓಡಾಡ್ತಿರತ್ತಲ್ಲ, ಅದನ್ನ ಮಾತ್ರ ಖಂಡಿತ ಮಾಡ್ಬೇಡಿ. ಅದರಲ್ಲಿರೋ ಡೀಟ್ ಅನ್ನೋ ರಾಸಾಯನಿಕ ಪ್ಲಾಸ್ಟಿಕ್ಕಿನ ಮೇಲ್ಪದರವನ್ನೇ ಕರಗಿಸತ್ತೆ, ಕರಗಿದ್ದು ಸಮ ಆಗಿ ಹರಡ್ಕೊಂಡು ಆ ಕ್ಷಣಕ್ಕೆ ತಿಳಿ ಕಾಣತ್ತೆ, ಅಂಟು ಅಂಟಾಗಿ ಧೂಳು ಹಿಡಿಯತ್ತೆ, ಪಕ್ಕದ ಬಂಪರ್ ಪೇಂಟಿಗೆ ಸೋರಿದ್ರೆ ಅದೂ ಕೆಡತ್ತೆ. ಪೆಟ್ರೋಲು, ಥಿನ್ನರ್, ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಇವೂ ಅಷ್ಟೇ, ಹತ್ರಾನೂ ತರಬೇಡಿ, ಪಾಲಿಕಾರ್ಬೊನೇಟ್ ಒಳಗೊಳಗೇ ಬಿರುಕು ಬಿಡತ್ತೆ.

ಬರೀ ಕಾಂಪೌಂಡ್ ಪಾಲಿಶು. ಪೇಂಟಿಗೆ ಹಾಕೋ ರಬ್ಬಿಂಗ್ ಕಾಂಪೌಂಡ್, ಇಲ್ಲಾ ಪ್ಲಾಸ್ಟಿಕ್ಕಿಗೆ ಅಂತಾನೇ ಮೆಗ್ವಯರ್ಸ್, ಟರ್ಟಲ್ ವ್ಯಾಕ್ಸ್, 3ಎಂ ತರದವರು ಮಾರೋ ಪಾಲಿಶ್. ನಾಲ್ಕೈದು ವರ್ಷದ ಕಾರು, ಹಳದಿ ಇನ್ನೂ ಬಂದಿಲ್ಲ, ಬರೀ ಮಂಜು ಮಂಜಾಗಿದೆ, ಬೆರಳಾಡಿಸಿದ್ರೆ ನುಣ್ಣಗಿದೆ ಅಂದ್ರೆ ಇದು ಸಾಕು, ಇದಕ್ಕಿಂತ ಹೆಚ್ಚು ಮಾಡೋದೇ ತಪ್ಪು, ಯಾಕಂದ್ರೆ ಫ್ಯಾಕ್ಟರಿ ಕೋಟಿಂಗ್ ಇನ್ನೂ ಉಳಿದಿದೆ, ಅದಕ್ಕಿಂತ ಒಳ್ಳೇದನ್ನ ನಾವು ನೀವು ಮನೆಯಲ್ಲಿ ಹಾಕೋಕಾಗಲ್ಲ. ಮೈಕ್ರೋಫೈಬರ್ ಬಟ್ಟೇಲಿ ಕೈಯಲ್ಲೇ ಉಜ್ಜಿ, ಮೇಲೆ ರಕ್ಷಣೆಗೆ ಹಚ್ಚೋ ಒಳ್ಳೆ ಸೀಲಂಟ್ ಹಾಕಿ ಬಿಡಿ. ಬೆರಳಿಗೆ ತರಿ ತರಿ ಸಿಕ್ರೆ, ಅಂಚಲ್ಲಿ ಸಿಪ್ಪೆ ಎದ್ದಿದ್ರೆ ಕಾಂಪೌಂಡಿಂದ ಆಗಲ್ಲ, ಉಳಿದಿರೋ ಅರೆಬರೆ ಕೋಟಿಂಗ್ ಪೂರ್ತಿ ತೆಗೀಲೇಬೇಕು.

ಅಲ್ಲಿಗೆ ವಾಟರ್ ಪೇಪರ್ ಬಂತು, ನಿಜವಾದ ರಿಪೇರಿ ಶುರು ಆಗೋದು ಇಲ್ಲಿಂದಾನೇ. ಪೇಂಟ್ ಅಂಗಡೀಲಿ, ಹಾರ್ಡ್‌ವೇರ್ ಅಂಗಡೀಲಿ ಹಾಳೆ ಲೆಕ್ಕದಲ್ಲಿ ಸಿಗತ್ತೆ, ನೀರಲ್ಲಿ ನೆನೆಸಿ ಉಜ್ಜೋ ಕಪ್ಪು ಪೇಪರು, ಹಿಂದುಗಡೆ ನಂಬರ್ ಇರತ್ತೆ, ನಂಬರ್ ಜಾಸ್ತಿ ಆದಷ್ಟೂ ನುಣುಪು. ಕೋಟಿಂಗ್ ಸಿಪ್ಪೆ ಏಳ್ತಿದ್ರೆ 400 ಅಥವಾ 600ರಿಂದ ಶುರು, ಅಷ್ಟೊಂದು ಕೆಟ್ಟಿಲ್ಲದಿದ್ರೆ 800ರಿಂದ. ಆಮೇಲೆ 1000, 1500, 2000, ಸಿಕ್ರೆ 3000. ಮಧ್ಯದಲ್ಲಿ ಒಂದು ನಂಬರ್ ಹಾರಿಸಿದ್ರೆ ಹಿಂದಿನ ಪೇಪರ್ ಮಾಡಿದ ಗೀರು ಮುಂದಿನದಕ್ಕೆ ಹೋಗಲ್ಲ, ಕೊನೇಲಿ ಪಾಲಿಶ್ ಮಾಡಿ ಲೈಟ್ ಹಾಕ್ದಾಗ ಸಣ್ಣ ಸಣ್ಣ ಗೆರೆ ಎದ್ದು ಕಾಣತ್ತೆ. ಒಂದು ನಂಬರಲ್ಲಿ ಅಡ್ಡಕ್ಕೆ ಉಜ್ಜಿದ್ರೆ ಮುಂದಿನದ್ರಲ್ಲಿ ಉದ್ದಕ್ಕೆ ಉಜ್ಜಿ, ಆಗ ಹಳೇ ಗೆರೆ ಪೂರ್ತಿ ಹೋಯ್ತಾ ಇಲ್ವಾ ಅಂತ ಕಣ್ಣಿಗೇ ಗೊತ್ತಾಗತ್ತೆ. ಮೊದಲ ಪೇಪರಲ್ಲಿ ಉಜ್ಜೋವಾಗ ಇಳಿಯೋ ನೀರು ಹಳದಿ ಹಳದಿ ಹಾಲಿನ ತರ ಬರತ್ತೆ, ಅದೇ ಸತ್ತ ಕೋಟಿಂಗು, ಅದು ಹಳದಿ ಬಿಟ್ಟು ಬರೀ ಬಿಳಿ ಆಗೋ ತನಕ ಆ ಪೇಪರ್ ಬಿಡಬೇಡಿ, ಎಲ್ಲರೂ ಇಲ್ಲೇ ಬೇಜಾರಾಗಿ ಮುಂದಿನ ನಂಬರಿಗೆ ಹೋಗಿಬಿಡ್ತಾರೆ, ಆಮೇಲೆ ನಕ್ಷೆ ತರ ತೇಪೆ ತೇಪೆ ಉಳ್ಕೊಳತ್ತೆ. ಈ ಹಂತದಲ್ಲಿ ಲೆನ್ಸ್ ಮೊದಲಿಗಿಂತ ಕೆಟ್ಟದಾಗಿ, ಪೂರ್ತಿ ಬಿಳಿಚಿಕೊಂಡು ಕಾಣತ್ತೆ. ಹೆದರಬೇಡಿ, ಸಮವಾಗಿ ಬಿಳಿಚಿದ್ರೆ ಕೆಲಸ ಸರಿ ನಡೀತಿದೆ ಅಂತ ಅರ್ಥ.

ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪ್ ಎರಡು ಪದರ ಹಾಕ್ಲೇಬೇಕು, ಬಾನೆಟ್ ಅಂಚಿಗೂ ಬಂಪರಿಗೂ. ನೀರಿಗೆ ಎರಡು ಹನಿ ಶಾಂಪೂ ಹಾಕ್ಕೊಂಡ್ರೆ ಪೇಪರ್ ಜಾರತ್ತೆ, ಗಾಢ ಗೀರು ಬೀಳಲ್ಲ. ನೆರಳಲ್ಲೇ ಮಾಡಿ, ಬಿಸಿಲಿಗೆ ಕಾದ ಲೆನ್ಸ್ ಮೇಲೆ ನೀರು ನಿಲ್ಲಲ್ಲ. ಡ್ರಿಲ್ಲಿಗೆ ಹಾಕೋ ಕಿಟ್ಟುಗಳಿವೆ, 3ಎಂ ಅವರದ್ರಲ್ಲಿ 500, 800, ಕೊನೆಗೆ 3000ದ ಡಿಸ್ಕು, ಜೊತೆಗೆ ಕಾಂಪೌಂಡ್ ಬರತ್ತೆ, ಕೈ ನೋವು ಉಳಿಯತ್ತೆ, ಸಮಯಾನೂ ಉಳಿಯತ್ತೆ. ಆದ್ರೆ ಡ್ರಿಲ್ ಒಂದೇ ಜಾಗದಲ್ಲಿ ನಿಲ್ಲಿಸಿದ್ರೆ ಬಿಸಿಗೆ ಪ್ಲಾಸ್ಟಿಕ್ ಮೇಲ್ಮೈ ಸುಟ್ಟು ಅಲೆ ಅಲೆ ಆಗತ್ತೆ, ಅದನ್ನ ಮತ್ತೆ ಸರಿ ಮಾಡೋದು ಕಷ್ಟ, ಹಾಗಾಗಿ ಡ್ರಿಲ್ ಹಿಡಿದು ಅಭ್ಯಾಸ ಇಲ್ಲದವರಿಗೆ ಕೈಯೇ ವಾಸಿ. ಕಿಟ್ ತಗೊಳ್ಳೋವಾಗ ಡಬ್ಬಿ ಮೇಲೆ ಒಂದೇ ಒಂದು ವಿಷಯ ನೋಡಿ: ಕೊನೇಲಿ ಹಚ್ಚೋ ಯುವಿ ಕೋಟಿಂಗ್ ಒಳಗಿದ್ಯಾ ಇಲ್ವಾ. ಎಷ್ಟೋ ಕಿಟ್ಟಲ್ಲಿ ಪೇಪರ್ ಇರತ್ತೆ, ಪಾಲಿಶ್ ಇರತ್ತೆ, ಅದೇ ಇರಲ್ಲ.

ಉಜ್ಜಿ ಹೊಳಪಿಸಿದ ಪಾಲಿಕಾರ್ಬೊನೇಟನ್ನ ಹಾಗೇ ಬಿಟ್ರೆ ಸಿಪ್ಪೆ ಸುಲಿದ ಬಾಳೆಹಣ್ಣನ್ನ ಹೊರಗಿಟ್ಟ ಹಾಗೆ. ಕಂಪನಿ ಕೊಟ್ಟಿದ್ದ ರಕ್ಷಣೆ ನಾವೇ ಕೈಯಾರೆ ತೆಗ್ದಿದೀವಿ, ಅದಕ್ಕೇ ಕೆಲವರು "ಪಾಲಿಶ್ ಮಾಡಿಸಿದ ಮೇಲೆ ಮುಂಚೆಗಿಂತ ಬೇಗ ಹಳದಿ ಆಯ್ತು" ಅಂತಾರಲ್ಲ, ಅದು ಭ್ರಮೆಯಲ್ಲ, ನಿಜವಾಗ್ಲೂ ಹಾಗೇ ಆಗತ್ತೆ. ಮೇಲೆ ಹಾಕೋದಕ್ಕೆ ಏನೇನಿದೆ ಅಂದ್ರೆ, ತೀರಾ ಕೆಳಗಡೆ ಮಾಮೂಲಿ ಕಾರ್ ವ್ಯಾಕ್ಸು. ಹಚ್ಚೋದು ಸುಲಭ, ನಮ್ಮ ಬಿಸಿಲಿಗೆ ಕೆಲವು ವಾರದ ಆಟ, ತಿಂಗಳು ತಿಂಗಳು ತಪ್ಪದೇ ಹಚ್ತೀನಿ ಅನ್ನೋ ಶಿಸ್ತು ಇದ್ರೆ ಮಾತ್ರ ಇದನ್ನ ನಂಬಿ. ಅದಕ್ಕಿಂತ ಮೇಲೆ ಸಿಂಥೆಟಿಕ್ ಸೀಲಂಟು, ಸೆರಾಮಿಕ್ ಕೋಟಿಂಗು. ಸೆರಾಮಿಕ್ ಅಂದ ತಕ್ಷಣ ಜನ ವರ್ಷಗಟ್ಟಲೆ ಚಿಂತೆ ಇಲ್ಲ ಅಂದ್ಕೋತಾರೆ. ಪೇಂಟಿನ ಮೇಲೆ ಅದು ಚೆನ್ನಾಗಿ ನಿಲ್ಲತ್ತೆ, ಯಾಕಂದ್ರೆ ಪೇಂಟಿಗೆ ಅದರದ್ದೇ ಕ್ಲಿಯರ್ ಕೋಟ್ ಅನ್ನೋ ಬಣ್ಣ ಇಲ್ಲದ ರಕ್ಷಣೆ ಪದರ ಕೆಳಗಿರತ್ತೆ. ಬೋಳು ಪ್ಲಾಸ್ಟಿಕ್ಕಿನ ಮೇಲೆ ಅದೊಂದು ತೆಳು ಪದರ, ಯುವಿಯನ್ನ ಪೂರ್ತಿ ತಡೆಯೋ ದಪ್ಪ ಅದಕ್ಕಿಲ್ಲ. ಹೆಡ್‌ಲೈಟಿಗೆ ಅಂತಾನೇ ಬರೋ ಒರೆಸೋ ತರದ ಕೋಟಿಂಗುಗಳು ಮಾಮೂಲಿ ಸೆರಾಮಿಕ್‌ಗಿಂತ ಮೇಲು, ಹಚ್ಚಿ ಒಂದು ದಿನ ನೀರು ತಾಗಿಸದೇ ಇಟ್ರೆ ಸಾಕು, ನೆರಳಲ್ಲಿ ನಿಲ್ಲೋ ಕಾರಿಗೆ ನಾನು ಇದನ್ನೇ ಹೇಳ್ತೀನಿ.

ಎಲ್ಲಕ್ಕಿಂತ ಗಟ್ಟಿ 2ಕೆ ಕ್ಲಿಯರ್ ಕೋಟು. ಟಿಂಕರಿಂಗ್ ಪೇಂಟಿಂಗ್ ಶಾಪಲ್ಲಿ ಕಾರಿನ ಬಣ್ಣದ ಮೇಲೆ ಕೊನೆಗೆ ಹೊಡೀತಾರಲ್ಲ, ಕ್ಲಿಯರ್ ಮತ್ತೆ ಅದನ್ನ ಗಟ್ಟಿ ಮಾಡೋ ಹಾರ್ಡ್ನರ್ ಎರಡು ಬೆರೆಸಿ, ಅದೇ. ಕ್ಯಾನಲ್ಲೂ ಸಿಗತ್ತೆ, ತಳದಲ್ಲಿರೋ ಗುಂಡಿ ಒತ್ತಿದ್ರೆ ಒಳಗೆ ಹಾರ್ಡ್ನರ್ ಬಿಡುಗಡೆ ಆಗಿ ಬೆರೆಯತ್ತೆ, ಆಮೇಲೆ ಒಂದೆರಡು ದಿನದೊಳಗೆ ಮುಗಿಸ್ಬೇಕು, ಗಟ್ಟಿಯಾಗ್ಬಿಡತ್ತೆ. ಹಾರ್ಡ್ನರ್ ಇಲ್ಲದ 1ಕೆ ಸ್ಪ್ರೇ ಅಗ್ಗ, ಎಲ್ಲಾ ಕಡೆ ಸಿಗತ್ತೆ, ಆದ್ರೆ ಅದು ಹೆಡ್‌ಲೈಟ್ ಮೇಲೆ ಬೇಗ ಹಳದಿಯಾಗಿ ಸಿಪ್ಪೆ ಏಳತ್ತೆ, ಸಿಪ್ಪೆ ಎದ್ದ ಮೇಲೆ ಮತ್ತೆ 400ರಿಂದ ಉಜ್ಜೋ ಕೆಲಸ, ಆ ಉಳಿತಾಯಕ್ಕೆ ಆಸೆ ಪಡಬೇಡಿ.

2ಕೆ ಹೊಡೆಯೋದಾದ್ರೆ ಒಂದು ಒಳ್ಳೆ ಸುದ್ದಿ, 2000, 3000 ತನಕ ಉಜ್ಜೋದು, ಪಾಲಿಶ್ ಮಾಡೋದು ಯಾವುದೂ ಬೇಕಿಲ್ಲ. 800 ಅಥವಾ 1000ಕ್ಕೆ ನಿಲ್ಲಿಸ್ಬೇಕು, ಆ ಸಣ್ಣ ಗೀರುಗಳಿದ್ರೇನೇ ಕ್ಲಿಯರಿಗೆ ಹಿಡಿತ ಸಿಗೋದು, ಕ್ಲಿಯರ್ ಆ ಗೀರುಗಳನ್ನ ತುಂಬಿ ತಿಳಿ ಮಾಡತ್ತೆ. ಕನ್ನಡಿ ತರ ಹೊಳಪಿಸಿ ಆಮೇಲೆ ಕ್ಲಿಯರ್ ಹೊಡೆದ್ರೆ ಸ್ವಲ್ಪ ದಿನಕ್ಕೆ ಹಾಳೆ ಹಾಳೆಯಾಗಿ ಕಿತ್ತು ಬರತ್ತೆ. ಹೊಡೆಯೋಕೆ ಮುಂಚೆ ಥಿನ್ನರ್ ಅಲ್ಲ, ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ. ಮೊದಲ ಕೋಟು ಮಂಜಿನ ತರ ತೆಳ್ಳಗೆ, ಯಾಕಂದ್ರೆ ಒಂದೇ ಸಲ ಒದ್ದೆಯಾಗಿ ಹೊಡೆದ್ರೆ ಅದರಲ್ಲಿರೋ ಸಾಲ್ವೆಂಟ್ ಪ್ಲಾಸ್ಟಿಕ್ಕನ್ನೇ ತಿಂದು ಸೀಳು ಬಿಡಿಸತ್ತೆ. ಡಬ್ಬಿ ಮೇಲೆ ಪಾಲಿಕಾರ್ಬೊನೇಟ್ ಅಥವಾ ಹೆಡ್‌ಲೈಟಿಗೆ ಅಂತ ಬರೆದಿರೋದನ್ನೇ ತಗೊಳ್ಳಿ. ಮತ್ತೆ ಇದನ್ನ ಎರಡು ಸಲ ಓದಿ: ಆ ಹಾರ್ಡ್ನರಲ್ಲಿ ಐಸೊಸಯನೇಟ್ ಇರತ್ತೆ, ಅದು ಶ್ವಾಸಕೋಶಕ್ಕೆ ನಿಜವಾಗ್ಲೂ ಕೆಟ್ಟದ್ದು, ಆಸ್ತಮಾ ಬರಿಸೋ ಅಂಥದ್ದು. ಕರ್ಚೀಫು, ಬಟ್ಟೆ ಮಾಸ್ಕು, ಎನ್95 ಯಾವುದೂ ಸಾಲಲ್ಲ, ಸಾಲ್ವೆಂಟ್ ಆವಿ ತಡೆಯೋ ಕಾರ್ಟ್ರಿಜ್ ಇರೋ ಮಾಸ್ಕು, ಕೈಗವಸು, ಕನ್ನಡಕ ಬೇಕು, ಬಯಲಲ್ಲಿ ಹೊಡೀಬೇಕು, ಮನೆ ಮಕ್ಕಳು ಸುತ್ತ ಇರಬಾರದು. ಇಷ್ಟೆಲ್ಲ ತಯಾರಿ ಇಲ್ಲ ಅಂದ್ರೆ ಉಜ್ಜೋದು ನೀವೇ ಮಾಡಿ, ಹೊಡೆಯೋದನ್ನ ಪೇಂಟರಿಗೆ ಬಿಡಿ, ಅವರ ಹತ್ರ ಗನ್ನೂ ಇರತ್ತೆ, ಕೈಯೂ ಕುದುರಿರತ್ತೆ, ಬೇರೆ ಕಾರಿಗೆ ಕ್ಲಿಯರ್ ಬೆರೆಸಿದ ದಿನ ಹೋದ್ರೆ ಕಮ್ಮಿ ದುಡ್ಡಲ್ಲೇ ಮಾಡಿಕೊಡ್ತಾರೆ.

ಪಿಪಿಎಫ್ ಅಂದ್ರೆ ಪಾರದರ್ಶಕ ಫಿಲ್ಮ್ ಅಂಟಿಸೋದು. ಯುವಿ ತಡೆಯೋ ಒಳ್ಳೆ ಫಿಲ್ಮ್ ಆದ್ರೆ ಕಲ್ಲೇಟು, ಬಿಸಿಲು ಎರಡೂ ಅದೇ ತಗೊಳತ್ತೆ, ಹಾಳಾದ್ರೆ ಕಿತ್ತು ಹೊಸದು ಹಾಕ್ಬಹುದು. ನನ್ನ ಮಟ್ಟಿಗೆ ಇದು ಹೊಸ ಕಾರಿಗೆ ಹೇಳಿ ಮಾಡಿಸಿದ್ದು, ಅದರಲ್ಲೂ ಎಲ್ಇಡಿ ಹೆಡ್‌ಲೈಟ್ ಇರೋದಕ್ಕೆ. ಹಳೇ ಲೆನ್ಸ್ ಉಜ್ಜಿ ಪೂರ್ತಿ ಹೊಳಪಿಸಿದ ಮೇಲೂ ಹಾಕ್ಬಹುದು, ಬಗ್ಗು ತಿರುವು ಜಾಸ್ತಿ ಇರೋ ಲೆನ್ಸಲ್ಲಿ ಅಂಚು ಏಳತ್ತೆ ಅನ್ನೋದೊಂದೇ. ಕಪ್ಪು, ಹಳದಿ ಛಾಯೆ ಇರೋ ಫಿಲ್ಮ್ ಮಾತ್ರ ಬೇಡ, ಇರೋ ಬೆಳಕೂ ಹೋಗತ್ತೆ.

ಇನ್ನು ಅಂಗಡಿಗೆ ಕೊಡೋದು. ಡೀಟೇಲಿಂಗ್ ಅಂಗಡಿಗಳಲ್ಲಿ ಜೊತೆ ಲೆಕ್ಕದಲ್ಲಿ ಕೆಲವು ನೂರರಿಂದ ಎರಡು ಸಾವಿರದ ತನಕ ಹೇಳ್ತಾರೆ, ಊರು ಅಂಗಡಿ ನೋಡಿ ಹೆಚ್ಚುಕಮ್ಮಿ. ರೇಟ್ ಕೇಳೋಕೆ ಮುಂಚೆ "ಅಣ್ಣ, ಉಜ್ಜಿದ ಮೇಲೆ ಮೇಲೆ ಏನ್ ಹಾಕ್ತೀರಾ?" ಅಂತ ಕೇಳಿ. "ಬಫಿಂಗ್ ಮಾಡ್ತೀವಿ ಸಾರ್, ಕನ್ನಡಿ ತರ ಆಗತ್ತೆ" ಅಂದ್ರೆ ಅಲ್ಲಿ ಏನೂ ಹಾಕಲ್ಲ ಅಂತ ಅರ್ಥ, ಅದು ಐನೂರಾದ್ರೂ ದುಬಾರೀನೇ. "2ಕೆ ಹೊಡೀತೀವಿ, ಸಂಜೆ ತನಕ ಗಾಡಿ ಬಿಡ್ಬೇಕು" ಅಂದ್ರೆ ಅವರಿಗೆ ಕೆಲಸ ಗೊತ್ತಿದೆ. ಇನ್ನೊಂದು ನೋಡ್ಕೊಳ್ಳಿ, ಕೆಲವು ಕಡೆ ಒಂದು ಸ್ಟೀಲ್ ಕಪ್ಪಲ್ಲಿ ದ್ರವ ಬಿಸಿ ಮಾಡಿ ಕೊಳವೆಯಿಂದ ಹೊಗೆ ಬಿಡ್ತಾರೆ, ಹೊಗೆ ತಾಗಿದ ಕಡೆ ಲೆನ್ಸ್ ಒಂದೇ ಕ್ಷಣಕ್ಕೆ ಗಾಜಿನ ಹಾಗೆ ಆಗ್ಬಿಡತ್ತೆ, ನೋಡೋಕೆ ಮಂತ್ರ ಹಾಕಿದ ಹಾಗೇ ಇರತ್ತೆ. ಅದು ನೀರಿನ ಹಬೆ ಅಲ್ಲ, ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್ ತರದ ಕ್ಲೋರಿನ್ ಇರೋ ಸಾಲ್ವೆಂಟಿನ ಆವಿ, ಮೇಲ್ಮೈಯನ್ನ ಕರಗಿಸಿ ಸಮ ಮಾಡತ್ತೆ. ಯುವಿ ರಕ್ಷಣೆ ಅದರಲ್ಲಿ ಒಂಚೂರೂ ಇಲ್ಲ, ಕರಗಿ ಗಟ್ಟಿಯಾದ ಪ್ಲಾಸ್ಟಿಕ್ ಒಳಗೆ ಬಿಗಿತ ಉಳಿದು ಮುಂದೆ ಜೇಡರಬಲೆ ತರ ಬಿರುಕು ಬಿಡೋ ಸಾಧ್ಯತೆ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಅದನ್ನ ದಿನಾ ಹಿಡ್ಕೊಂಡು ಮಾಡೋ ಹುಡುಗರ ಬಗ್ಗೆ ಯೋಚ್ನೆ ಆಗತ್ತೆ, ಮುಖಕ್ಕೆ ಏನೂ ಇಲ್ಲದೇ ಅಂಗಡಿ ಒಳಗೇ ನಿಂತಿರ್ತಾರೆ, ಡೈಕ್ಲೋರೋಮೀಥೇನ್ ಉಸಿರಲ್ಲಿ ಒಳಗೆ ಹೋದ್ರೆ ದೇಹದಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಆಗತ್ತೆ. ಆ ಕೆಲಸ ಮಾಡಿಸ್ಬೇಡಿ.

ಹೊಸ ಹೆಡ್‌ಲೈಟ್ ಹಾಕ್ಸೋದು. ಎಎಎ ಅದೇ 2018ರ ಪರೀಕ್ಷೆಯಲ್ಲಿ ಇದನ್ನೂ ಹೋಲಿಸಿತ್ತು: ಕಂಪನಿ ಒರಿಜಿನಲ್ ಹಾಕಿದ್ರೆ ಬೆಳಕು ನೂರಕ್ಕೆ ನೂರು ವಾಪಸ್, ಹೊರಗಿನ ತಯಾರಿಕೆಯದ್ದು ಹಾಕಿದ್ರೆ ಶೇ. 83ರಿಂದ 90, ಉಜ್ಜಿ ರಿಪೇರಿ ಮಾಡಿದ್ರೆ ಶೇ. 70ರ ಆಸುಪಾಸು. ಈ ಅಂಕಿಗಳು ನನಗೆ ಬಹಳ ಮುಖ್ಯ ಅನ್ಸತ್ತೆ, ಯಾಕಂದ್ರೆ ರಿಪೇರಿ ಎಷ್ಟೇ ಚೆನ್ನಾಗಿ ಮಾಡಿದ್ರೂ ಹೊಸದರ ಸಮ ಆಗಲ್ಲ, ಆದ್ರೆ ಐದರಲ್ಲಿ ಒಂದು ಪಾಲಿದ್ದ ಬೆಳಕು ಮುಕ್ಕಾಲಿನ ಹತ್ರ ಬರೋದು ಸಣ್ಣ ಮಾತೇನಲ್ಲ, ಅದೂ ಕೆಲವು ನೂರು ರೂಪಾಯಿಯಲ್ಲಿ. ಹೊರಗಿನ ತಯಾರಿಕೆಯವು ಬೆಳಕು ಬೀಳೋ ಆಕಾರ, ದಿಕ್ಕಲ್ಲಿ ಎಡವೋದು ಜಾಸ್ತಿ ಅಂತಾನೂ ಅಲ್ಲಿ ಕಂಡುಬಂದಿತ್ತು. ಬೆಂಗಳೂರಲ್ಲಿ ಜೆಸಿ ರೋಡಿಗೆ ಹೋದ್ರೆ ಎಲ್ಲಾ ತರದ್ದೂ ಸಿಗತ್ತೆ, ಕಂಪನಿಗೇ ಸಪ್ಲೈ ಮಾಡೋರ ಮಾಲೂ ಇರತ್ತೆ, ಹೆಸರಿಲ್ಲದ ಮಾಲೂ ಇರತ್ತೆ, ಬಿಲ್ ಕೇಳಿ, ಡಬ್ಬಿ ಮೇಲಿನ ತಯಾರಕರ ಹೆಸರು ನೋಡಿ ತಗೊಳ್ಳಿ. ಸ್ವಿಫ್ಟ್, ವ್ಯಾಗನಾರ್, ಸ್ಯಾಂಟ್ರೋ ತರದ ಹ್ಯಾಲೋಜೆನ್ ಗಾಡಿಗಳಿಗೆ ಒಂದೊಂದಕ್ಕೆ ಕೆಲವು ಸಾವಿರದಲ್ಲಿ ಮುಗಿಯತ್ತೆ, ಹತ್ತು ವರ್ಷ ಮೇಲಾದ, ರಿಫ್ಲೆಕ್ಟರೂ ಮಂಕಾದ ಗಾಡಿಗೆ ನಾನು ಉಜ್ಜೋಕೆ ಹೇಳೋದೇ ಇಲ್ಲ, ಹೊಸದೇ ಹಾಕ್ಸಿ ಅಂತೀನಿ. ಪ್ರೊಜೆಕ್ಟರ್ (ಒಳಗೆ ದುಂಡು ಲೆನ್ಸ್ ಇರೋದು), ಎಲ್ಇಡಿ ಇರೋದಾದ್ರೆ ಬೆಲೆ ಎಷ್ಟೋ ಪಟ್ಟು ಮೇಲೆ ಹೋಗತ್ತೆ, ಅಲ್ಲಿ ಉಜ್ಜಿ 2ಕೆ ಹೊಡೆಸೋದೇ ಲಾಭ. ಗುಜರಿ ಹೆಡ್‌ಲೈಟ್ ತಗೊಳ್ಳೋದಾದ್ರೆ ಲೆನ್ಸಿಗಿಂತ ಮೊದಲು ಒಳಗಿನ ರಿಫ್ಲೆಕ್ಟರ್, ಹಿಂದಿನ ಕ್ಲಾಂಪುಗಳು ಮುರಿದಿಲ್ವಾ ನೋಡಿ, ಲೆನ್ಸ್ ಹೇಗೂ ಉಜ್ಜಬಹುದು.

ಹಾಗಾದ್ರೆ ಯಾರಿಗೆ ಯಾವುದು? ಹಳದಿ ಬೋರ್ಡ್ ಗಾಡಿ, ಹಗಲೂ ರಾತ್ರಿ ರಸ್ತೆ ಮೇಲೇ ಇರೋ ಇನ್ನೋವಾ, ಎಟಿಯೋಸ್ ಓಡಿಸೋರಿಗೆ ಬೇರೆ ಮಾತೇ ಇಲ್ಲ, 800ಕ್ಕೆ ನಿಲ್ಲಿಸಿ ಪೇಂಟರ್ ಹತ್ರ 2ಕೆ. ಅಪ್ಪನ ಕಾಲದ ಕಾರು, ಮನೆ ಪೋರ್ಟಿಕೋದಲ್ಲಿ ನಿಂತಿರತ್ತೆ, ವಾರಕ್ಕೊಂದ್ಸಲ ದೇವಸ್ಥಾನಕ್ಕೋ ಮಾರ್ಕೆಟ್ಟಿಗೋ ಹೋಗತ್ತೆ ಅಂದ್ರೆ ಮನೆಯಲ್ಲೇ ಉಜ್ಜಿ ಹೆಡ್‌ಲೈಟ್ ಕೋಟಿಂಗ್ ಹಚ್ಚಿದ್ರೆ ಆರಾಮಾಗಿ ನಡೆಯತ್ತೆ. ಕರಾವಳಿ, ಮಲೆನಾಡಿನವರು, ರಾತ್ರಿ ಘಾಟಿ ಹತ್ತಿ ಇಳಿಯೋರು ಬೆಳಕಿನ ವಿಷಯದಲ್ಲಿ ರಾಜಿ ಆಗಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ, ಕೈಯಲ್ಲಿ ಆಗೋದಾದ್ರೆ ಒರಿಜಿನಲ್ ಹೊಸದು, ಆಗಲ್ಲ ಅಂದ್ರೆ 2ಕೆ ಜೊತೆ ಹೊಸ ಒಳ್ಳೆ ಕಂಪನಿ ಬಲ್ಬು, ಹಳೇ ಬಲ್ಬೂ ಉರೀತಾ ಉರೀತಾ ಮಂಕಾಗಿರತ್ತೆ. ಹ್ಯಾಲೋಜೆನ್ ರಿಫ್ಲೆಕ್ಟರೊಳಗೆ ಅಗ್ಗದ ಎಲ್ಇಡಿ, ಎಚ್ಐಡಿ (ಕ್ಸೆನಾನ್) ಬಲ್ಬ್ ತುರುಕಿ ಮಬ್ಬನ್ನ ಗೆಲ್ಲೋಕೆ ಹೋಗಬೇಡಿ, ಬೆಳಕು ಎಲ್ಲೆಂದ್ರಲ್ಲಿ ಚೆಲ್ಲಿ ಎದುರಿನ ಬೈಕಿನವನಿಗೆ ರಸ್ತೆಯೇ ಕಾಣಲ್ಲ. ಮುಂದಿನ ತಿಂಗಳು ಮಾರ್ತೀನಿ ಅನ್ನೋರು ಬರೀ ಪಾಲಿಶ್ ಮಾಡಿಸಿ ಕೊಡ್ತಾರೆ, ತಗೊಳ್ಳೋರಿಗೆ ನನ್ನ ಮಾತು ಏನಂದ್ರೆ ಹಳೇ ಕಾರಲ್ಲಿ ಹೆಡ್‌ಲೈಟ್ ಮಾತ್ರ ಅತಿಯಾಗಿ ಹೊಳೀತಿದ್ರೆ ಮೇಲೆ ಏನಾದ್ರೂ ಹಾಕಿದಾರಾ ಅಂತ ಕೇಳಿ, ಇಲ್ಲ ಅಂದ್ರೆ ಆ ವಾರವೇ ನೀವು ಹಾಕಿ, ಇನ್ನೂ ಹಳದಿ ಬರೋಕೆ ಮುಂಚೆ ಹಾಕಿದ್ರೆ ಮತ್ತೆ ಮೊದಲಿಂದ ಉಜ್ಜೋದು ತಪ್ಪತ್ತೆ.

ಯಾವ ದಾರಿ ಹಿಡಿದ್ರೂ ಎರಡೂ ಕಡೇದನ್ನ ಒಟ್ಟಿಗೇ ಮಾಡಿ, ಒಂದು ಬದಿ ತಿಳಿ ಒಂದು ಬದಿ ಮಬ್ಬು ಇದ್ರೆ ರಾತ್ರಿ ಕಣ್ಣಿಗೆ ತುಂಬಾ ತ್ರಾಸು. ಮುಗಿದ ಮೇಲೆ ಸಮ ನೆಲದಲ್ಲಿ ಗೋಡೆ ಎದುರು ನಿಲ್ಲಿಸಿ ಲೋ ಬೀಮ್ ಹಾಕಿ ನೋಡಿ, ಎರಡೂ ಬದಿಯ ಬೆಳಕಿನ ಮೇಲಂಚು ಒಂದೇ ಎತ್ತರದಲ್ಲಿ, ಹೆಡ್‌ಲೈಟಿನ ಎತ್ತರಕ್ಕಿಂತ ತುಸು ಕೆಳಗೇ ಇರ್ಬೇಕು. ಮಬ್ಬಿದ್ದಾಗ ಕಾಣಲಿ ಅಂತ ಯಾರೋ ಸ್ಕ್ರೂ ತಿರುಗಿಸಿ ಮೇಲೆತ್ತಿರ್ತಾರೆ, ಈಗ ತಿಳಿಯಾದ ಮೇಲೆ ಅದು ನೇರ ಎದುರಿನವರ ಕಣ್ಣಿಗೇ ಹೊಡೆಯತ್ತೆ. ಇನ್ನು ಕ್ಲಿಯರ್ ಹೊಡೆಸೋದಾದ್ರೆ ಮಳೆ ಹಿಡ್ಕೊಂಡಿರೋ ದಿನ ಬೇಡ, ಗಾಳೀಲಿ ತೇವ ಜಾಸ್ತಿ ಇದ್ರೆ ಕೋಟ್ ಒಣಗೋವಾಗ ಹಾಲಿನ ತರ ಬಿಳಿಚಿಕೊಳತ್ತೆ, ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಬೆಳಗ್ಗೆ ಹತ್ತರ ಹೊತ್ತಿಗೆ ನೆರಳಲ್ಲಿ ಹೊಡೆಸಿ, ಆಮೇಲೆ ಒಂದು ವಾರ ಶಾಂಪೂ, ಪ್ರೆಶರ್ ವಾಶ್ ಯಾವುದೂ ತಾಗಿಸ್ಬೇಡಿ.